ಧಾರವಾಡ ಆಕಾಶವಾಣಿ 765: ಅಜ್ಜ ಹೇಳೋದು ನಿಜವೋ, ಅಪ್ಪ ಹೇಳೋದೋ?

ಬೆಂಗಳೂರಿನ ಹುಬ್ಬಳ್ಳಿಯವ:
ಅಜ್ಜನ ಹಳೇ ಟ್ರಾನ್ಸಿಸ್ಟರಿಗೆ ಸೆಲ್ ಹಾಕಿದಾಗಿನಿಂದ ಮನೆಯಲ್ಲಿ ವಾದ. ಧಾರವಾಡ ಕೇಂದ್ರದಲ್ಲಿ ಸಿನಿಮಾ ಹಾಡು ಅಂದ್ರೆ ಅಪರೂಪ, ಬರೀ ಗವಾಯಿಗಳ ಸಂಗೀತ ಅಂತಾರೆ ಅಜ್ಜ. ಚಿತ್ರಗೀತೆ, ಜಾಹೀರಾತು ಕೇಳ್ತಾನೇ ಬೆಳೆದೆ ಅಂತಾರೆ ಅಪ್ಪ. ಯಾರದು ಸರಿ? ಇನ್ನೊಂದು: ಧಾರವಾಡ ಬರೋ 765 ಕಿಲೊಹರ್ಟ್ಸ್ ಈಗ ಬರೀ ಗರಗರ ಅನ್ನುತ್ತೆ, ಸೆಟ್ ಕೆಟ್ಟಿದೆಯಾ?

ಗದಗಿನ ನಿವೃತ್ತ ಮಾಸ್ತರ:
ಇಬ್ಬರೂ ಖರೇನ ಹೇಳ್ಯಾರ. ಬ್ಯಾರೆ ಬ್ಯಾರೆ ಕಾಲದ ರೇಡಿಯೊ ಕೇಳ್ಯಾರ, ಅಷ್ಟ.

ಕೇಂದ್ರ ಶುರು ಆಗಿದ್ದು 1950ರ ಜನವರಿ 8ಕ್ಕ. ಆಗ ಧಾರವಾಡ ಇನ್ನೂ ಮುಂಬಯಿ ಪ್ರಾಂತದಾಗ ಇತ್ತು. ದಿಲ್ಲಿಯೊಳಗ ಪ್ರಸಾರ ಖಾತೆ ನಮ್ಮವರೇ ಆದ ರಂಗನಾಥ ದಿವಾಕರರ ಕಡೆ. ಮುಂದ 1952ರಾಗ ಆ ಖಾತೆಗೆ ಮಂತ್ರಿಯಾಗಿ ಬಿ.ವಿ. ಕೇಸ್ಕರ್ ಬಂದ್ರು ನೋಡ್ರಿ, ಸಿನಿಮಾ ಹಾಡಿಗೆ ಗ್ರಹಚಾರ ಹಿಡೀತು. ಶಾಸ್ತ್ರೀಯ ಸಂಗೀತ ಕೇಳಿಸಿ ದೇಶಾನ ತಿದ್ದತೀನಿ ಅನ್ನೋ ಮನುಷ್ಯಾ! ಮಂದಿ ಸುಮ್ಮನ ಮುಳ್ಳು ತಿರುವಿ ಸಿನಿಮಾ ಹಾಡು ಹಾಕೋ ಲಂಕಾದ ರೇಡಿಯೊ ಸಿಲೋನ್ ಹಚ್ಚಿದ್ರು. ಅವರನ್ನ ತಿರುಗಿ ಕರಕೊಳ್ಳಾಕ 1957ರಾಗ ಆಕಾಶವಾಣಿಯವರು ಹಾಡು, ಮನರಂಜನೆಯ ವಿವಿಧ ಭಾರತಿ ಹುಟ್ಟಿಸಬೇಕಾತು.

ಅಜ್ಜಾರ ಮಾತು ಆ ಕಾಲದ್ದು. ಆದ್ರ ಧಾರವಾಡಕ್ಕ ಅದರಿಂದ ಲುಕ್ಸಾನ ಆಗಲಿಲ್ಲ ಅಂತ ನನ್ನ ಎಣಿಕೆ. ಬ್ಯಾರೆ ಊರಾಗ ದಿಲ್ಲಿಯವರು ಹೇರಿದ್ದು ಅನಿಸಿದ್ದ ಸಂಗೀತ ಇಲ್ಲೆ ಮನಿ ಮಾತು ಇದ್ದಂಗ. ಮಲ್ಲಿಕಾರ್ಜುನ ಮನಸೂರರು ಸಂಗೀತ ಸಲಹೆಗಾರರಾಗಿದ್ರು, ಬೇಂದ್ರೆಯವರೂ ಸಲಹೆಗಾರರಾಗಿ ಕೂತಿದ್ರು, ಕಾದಂಬರಿಕಾರ ಎನ್ಕೆ ಅಲ್ಲೇ ನೌಕರಿ ಮಾಡ್ತಿದ್ರು. ಇಂಥಾ ಮಂದಿ ಯಾವ ಕೇಂದ್ರಕ್ಕ ಸಿಗತಾರ ಹೇಳ್ರಿ.

ಹಾರ್ಮೋನಿಯಂ ವಿಷಯಕ್ಕ ಮಾತ್ರ ನನಗ ಇನ್ನೂ ಸಿಟ್ಟು ಐತಿ. ಅದರಾಗ ಮೀಂಡ್, ಅಂದ್ರ ಒಂದು ಸ್ವರದಿಂದ ಇನ್ನೊಂದಕ್ಕ ಜಾರೂದು, ಬರೂದಿಲ್ಲ, ಅದು ಪರದೇಶಿ ವಾದ್ಯ ಅಂತ 1940ರಾಗ ಆಕಾಶವಾಣಿಯಿಂದ ಹೊರಗ ಹಾಕಿದ್ರು. 1971ರ ತನಕ ಹಾಡುವವರ ಸಾಥ್‌ಗೂ (ಪಕ್ಕವಾದ್ಯಕ್ಕೂ) ಬಿಟ್ಟುಕೊಳ್ಳಲಿಲ್ಲ. ಮಗ್ಗಲ ಬೆಳಗಾವ್ಯಾಗ ರಾಮಭಾವು ಬಿಜಾಪುರೆ ಅಂಥಾ ಹಾರ್ಮೋನಿಯಂ ಗುರುಗಳು ಇದ್ದಾಗ ಈ ಕಥಿ! ದೇಶಕ್ಕ ಸ್ವಾತಂತ್ರ್ಯ ಬಂದ್ರೂ ಹಾರ್ಮೋನಿಯಂ ಪೆಟಿಗಿಗೆ ಬರಲಿಲ್ಲ.

ಅಪ್ಪಾರ ಕಾಲಕ್ಕ ಟ್ರಾನ್ಸಿಸ್ಟರ್ ಸೋವಿ ಆಗಿ ಹೊಲದ ಬದುವಿಗೆ ಬಂದಿತ್ತು. 1967ರಾಗ ಮುಂಬಯಿ, ಪುಣೆ, ನಾಗಪುರದ ವಿವಿಧ ಭಾರತಿಯೊಳಗ ಜಾಹೀರಾತು ಶುರು ಆದವು, ಮುಂದ ನಮ್ಮ ಕಡೆಗೂ ಬಂದವು. ರೊಕ್ಕ ಬರತೈತಿ ಅಂದ ಮ್ಯಾಲ ಹಾಡಿಗೆ ಯಾರು ಬ್ಯಾಡ ಅಂತಾರ?

ಶಿರಸಿಯ ರೇಡಿಯೊ ರಿಪೇರಿಯವ:
ಸೆಟ್ ಕೆಟ್ಟಿಲ್ಲ ಅನ್ನಿಸ್ತದೆ. ಮೊದಲು ಮನೆಯ ಎಲ್‌ಇಡಿ ಬಲ್ಬು, ಮೊಬೈಲ್ ಚಾರ್ಜರ್ ಎಲ್ಲ ಆರಿಸಿ ನೋಡಿ. 765 ಬರುವ ಮೀಡಿಯಂ ವೇವ್ ಪಟ್ಟಿಗೆ ಅವೇ ಶತ್ರು. ಒಳಗಿನ ಫೆರೈಟ್ ಕಡ್ಡಿಯೇ ಏರಿಯಲ್, ಹಾಗಾಗಿ ಏರಿಯಲ್ ಎಳೆದು ಪ್ರಯೋಜನ ಇಲ್ಲ, ಸೆಟ್ಟನ್ನೇ ತಿರುಗಿಸಬೇಕು. ಡಯಲ್ ಮೇಲೆ ಕೊನೆಯ ಸೊನ್ನೆ ಬಿಟ್ಟು 70, 80 ಅಂತ ಬರೆದಿದ್ದರೆ ಅವೆರಡರ ನಡುವೆ ಇರ್ತದೆ. ಮೀಟರ್ ಗುರುತು ಇದ್ದರೆ 392ರ ಹತ್ತಿರ.

ಡಿಜಿಟಲ್ ಪ್ರಸಾರ, ಅಂದರೆ ಡಿಆರ್‌ಎಂ, ಇದ್ದ ಜಾಗಕ್ಕೆ ಹಳೇ ಸೆಟ್ ಹಚ್ಚಿದ್ರೂ ಜಲಪಾತದ ಹಾಗೆ ಸದ್ದು ಬರ್ತದೆ. ಅದಕ್ಕೆ ಬೇರೆಯೇ ರೇಡಿಯೊ ಬೇಕು. ಈ ಯೋಜನೆಗೆ ಹಾಕಿದ ದುಡ್ಡು ನೋಡಿದ್ರೆ, ಆ ರೇಡಿಯೊ ಇಟ್ಟುಕೊಂಡವರನ್ನ ನಾನು ನೋಡಿದ್ದು ಕಮ್ಮಿ.

ಬೆಂಗಳೂರಿನ ಹುಬ್ಬಳ್ಳಿಯವ:
ಬಲ್ಬ್ ಆರಿಸಿದ ಮೇಲೆ ಮಾತು ಕೇಳಿಸ್ತು, ಥ್ಯಾಂಕ್ಸ್ ಸರ್. ಮಾಸ್ತರ್ರೇ, ಅಪ್ಪ ಇನ್ನೂ ಒಪ್ತಿಲ್ಲ. ಅಜ್ಜ ಟ್ರಂಕಿನಿಂದ ಪೋಸ್ಟ್ ಆಫೀಸಿನ ರೇಡಿಯೊ ಲೈಸೆನ್ಸ್ ಪುಸ್ತಕ ತೆಗೆದು ತೋರಿಸ್ತಿದ್ದಾರೆ.

ಗದಗಿನ ನಿವೃತ್ತ ಮಾಸ್ತರ:
ಅದನ್ನ ಒಗೀಬ್ಯಾಡ್ರಿ ಮತ್ತ! ಆಗ ರೇಡಿಯೊ ಇಟ್ಟುಕೊಳ್ಳಾಕ ವರ್ಷಾ ವರ್ಷಾ ರೊಕ್ಕ ಕಟ್ಟಿ ಸ್ಟ್ಯಾಂಪ್ ಹಚ್ಚಿಸ್ತಿದ್ವಿ. ಮೊದಲನೇ ಮುದ್ರೆಯ ತಾರೀಖು ಓದ್ರಿ, ಅಪ್ಪಾರು ಹುಟ್ಟೋಕಿಂತ ಮೊದಲಿಂದು ಇದ್ರ ವಾದ ಅಲ್ಲಿಗೇ ಮುಗೀತು. ಫೋಟೊ ಇಲ್ಲೆ ಹಾಕ್ರಿ.