ಎಂಎಸ್ ಇರುವ ಅಕ್ಕ ವಿಆರ್ ವ್ಯಾಯಾಮ ಅರ್ಧಕ್ಕೇ ಬಿಟ್ಟಿದ್ದಾಳೆ, ಏನು ಮಾಡಲಿ?

ಕಿರಿಯವಳು:
ಎಲ್ಲರಿಗೂ ನಮಸ್ಕಾರ. ಅಕ್ಕನಿಗೆ ಮಲ್ಟಿಪಲ್ ಸ್ಕ್ಲೆರೋಸಿಸ್ (ಎಂಎಸ್), ಮಿದುಳು, ಬೆನ್ನುಹುರಿಯ ನರಗಳ ಹೊದಿಕೆ ಹಾಳಾಗುವ ಕಾಯಿಲೆ. ನಡೆಯುವಾಗ ಬ್ಯಾಲೆನ್ಸ್ ತಪ್ಪುತ್ತದೆ, ಎಡಗೈ ಬೆರಳುಗಳಲ್ಲಿ ಸದಾ ಜೋಮು. ಮನೆಯಲ್ಲೇ ಮಾಡಲಿ ಅಂತ ಫಿಸಿಯೋ ಒಂದು ವಿಆರ್ ಹೆಡ್‌ಸೆಟ್ (ಕಣ್ಣಿಗೆ ಕಟ್ಟಿಕೊಂಡರೆ ಸುತ್ತಲೂ ಆಟದ ಲೋಕ ಕಾಣುವ ಸಾಧನ) ಕೊಟ್ಟು, ವಾರಕ್ಕೆ ಮೂರು ಸಲ ಅರ್ಧರ್ಧ ಗಂಟೆ ಅಂತ ಬರೆದುಕೊಟ್ಟಿದ್ದಾರೆ. ಎದುರಿನಿಂದ ಚೆಂಡು ಬರುತ್ತವೆ, ಮೊದಲು ಕೂತು ಹಿಡಿಯಬೇಕು, ಆಮೇಲೆ ನಿಂತು, ಪಕ್ಕಕ್ಕೆ ವಾಲಿ. ಶುರುವಿನಲ್ಲಿ ನಾವೇ "ಸಾಕು ಬಿಡೇ" ಅನ್ನಬೇಕಿತ್ತು. ಈಗ ಅದು ಪೆಟ್ಟಿಗೆಯಿಂದ ಹೊರಗೆ ಬರುವುದೇ ಅಪರೂಪ. ಕೇಳಿದರೆ "ನಾಳೆ ಮಾಡ್ತೀನಿ" ಅನ್ನುತ್ತಾಳೆ. ಮನೆಯಲ್ಲಿ ಕೆಲವರು ಇದನ್ನು ಸೋಂಬೇರಿತನ ಅಂತಾರೆ, ನನಗೆ ಹಾಗನ್ನಿಸುವುದಿಲ್ಲ. ದಿನಾ ನೆನಪಿಸಬೇಕಾ, ಸುಮ್ನೆ ಬಿಡಬೇಕಾ?

ನರ_ಫಿಸಿಯೋ:
ನೆನಪಿಸುವುದು ಆಮೇಲೆ. ಅವರು ಎಲ್ಲಿ ನಿಲ್ಲಿಸುತ್ತಿದ್ದಾರೆ ಅಂತ ಮೊದಲು ನೋಡಿ. ಹಾಕಿಕೊಳ್ಳುವ ಮೊದಲೇ ಬಿಡುತ್ತಿದ್ದಾರಾ, ಇಲ್ಲ ಹಾಕಿಕೊಂಡು ಸ್ವಲ್ಪ ಹೊತ್ತಿಗೆ ತೆಗೆಯುತ್ತಿದ್ದಾರಾ? ಇವೆರಡೂ ಪೂರಾ ಬೇರೆ ಸಮಸ್ಯೆಗಳು. ಇಂಥ ಆ್ಯಪ್‌ಗಳಲ್ಲಿ ಸಾಮಾನ್ಯವಾಗಿ ಯಾವತ್ತು ಎಷ್ಟು ನಿಮಿಷ ಆಡಿದರು ಅನ್ನುವ ದಾಖಲೆ ಇರುತ್ತದೆ, ನಿಮ್ಮ ಫಿಸಿಯೋ ಹತ್ತಿರ ಕೇಳಿ.

ಐದು ನಿಮಿಷಕ್ಕೇ ತೆಗೆಯುತ್ತಿದ್ದರೆ ನನ್ನ ಅನುಮಾನ ಮೊದಲು ಹೋಗುವುದು ಓಕರಿಕೆ, ತಲೆಸುತ್ತಿನ ಮೇಲೆ. ಕಣ್ಣು "ಚಲಿಸುತ್ತಿದ್ದೇನೆ" ಅನ್ನುತ್ತದೆ, ಒಳಕಿವಿ "ಇಲ್ಲ, ಇಲ್ಲೇ ಇದ್ದೀಯ" ಅನ್ನುತ್ತದೆ. ಯಾರಿಗಾದರೂ ಆಗುವಂಥದ್ದೇ. ಆದರೆ ಎಂಎಸ್‌ನಲ್ಲಿ ಎರಡೆರಡು ಕಾಣುವುದು, ಕಣ್ಣುಗುಡ್ಡೆ ತಾನಾಗಿ ಅದುರುವುದು, ಕಣ್ಣಿನ ನರದ ಉರಿಯೂತ ಇವೆಲ್ಲ ಇರಬಹುದಾದ್ದರಿಂದ ಜಾಸ್ತಿ ಕಾಡಬಹುದು. ಎದುರಿನ ದೃಶ್ಯ ಸ್ಥಿರವಾಗಿದ್ದು ವಸ್ತು ಮಾತ್ರ ಹತ್ತಿರ ಬರುವ ಆಟ ವಾಸಿ. ಇಡೀ ಜಗತ್ತೇ ಓಡುವಂಥದ್ದು ಬೇಡ. ಅಂದಹಾಗೆ, ಹಿಂದೆ ಯಾವಾಗಲಾದರೂ ಫಿಟ್ಸ್ ಬಂದಿದ್ದರೆ ನರರೋಗ ವೈದ್ಯರನ್ನು ಕೇಳದೆ ಹೆಡ್‌ಸೆಟ್ ಹಾಕಲೇಬೇಡಿ. ನಿಂತು ಆಡುವಾಗ ಪಕ್ಕದಲ್ಲಿ ಒಬ್ಬರು ಇರಲೇಬೇಕು.

ಜೋಮುಗಾಲು:
ನನಗೂ ಎಂಎಸ್ ಇದೆ, ನಾನೂ ಇದನ್ನು ಬಿಟ್ಟು ಮತ್ತೆ ಹಿಡಿದವನು. ಸೋಂಬೇರಿತನ ಅನ್ನುವವರಿಗೆ ಹೇಳಿ: ಇದು ನಿದ್ದೆ ಮಾಡಿದರೆ ಹೋಗುವ ಸುಸ್ತಲ್ಲ. ಬೆಳಿಗ್ಗೆ ಎದ್ದಾಗ ಇಷ್ಟೇ ಶಕ್ತಿ ಅಂತ ಸಿಗುತ್ತದೆ, ಸ್ನಾನಕ್ಕೆ ಅರ್ಧ ಹೋದರೆ ಹೋಯಿತು.

ಆಟ ಶುರುವಾಗುವ ಮೊದಲೇ ಎಷ್ಟು ಕೆಲಸ ನೋಡಿ. ಹೆಡ್‌ಸೆಟ್ಟನ್ನು ತಲೆಯ ಹಿಂದೆ ಕಟ್ಟುವ ಪಟ್ಟಿ ಬಿಗಿ ಮಾಡಬೇಕು, ಜೋಮು ಹಿಡಿದ ಬೆರಳಿಗೆ ಅದು ಸಿಕ್ಕಿದೆಯೋ ಇಲ್ಲವೋ ಗೊತ್ತಾಗುವುದಿಲ್ಲ. ಆಮೇಲೆ ಕೈಯಲ್ಲಿ ಹಿಡಿಯುವ ಕಂಟ್ರೋಲರ್‌ನಿಂದ ನೆಲದ ಮೇಲೆ ಆಡುವ ಜಾಗದ ಗಡಿ ಎಳೆಯಬೇಕು. ಕೈ ನಡುಗಿ ಗೆರೆ ಸೋಫಾ ಮೇಲೆ ಹತ್ತುತ್ತದೆ, ಮತ್ತೆ ಎಳಿ. ಅಷ್ಟರಲ್ಲಿ ಅಪ್‌ಡೇಟ್ ಬಂದಿದೆ ಕಾಯಿರಿ ಅನ್ನುತ್ತದೆ! ಚೆಂಡು ಬರುವಷ್ಟರಲ್ಲಿ ನನ್ನ ದಿನದ ಕೋಟಾ ಮುಗಿದಿರುತ್ತಿತ್ತು.

ಇನ್ನೊಂದು ಸೆಕೆ. ಮುಖಕ್ಕೆ ಒತ್ತಿಕೊಳ್ಳುವ ಆ ಸ್ಪಂಜು, ಜೊತೆಗೆ ವ್ಯಾಯಾಮ, ಮೈ ಸ್ವಲ್ಪ ಬಿಸಿಯಾದರೂ ಕಣ್ಣು ಮಂಜಾಗುತ್ತದೆ. ಉಟ್‌ಹಾಫ್ ಅನ್ನುವ ಜರ್ಮನ್ ಕಣ್ಣಿನ ವೈದ್ಯರು 1890ರಲ್ಲೇ ಇದನ್ನು ಬರೆದಿಟ್ಟಿದ್ದಾರೆ. ಮೈಲಿನ್ ಅನ್ನುವ ಹೊದಿಕೆ ಹಾಳಾದ ನರದಲ್ಲಿ ಬಿಸಿಗೆ ಸಂಕೇತ ಸರಿಯಾಗಿ ದಾಟುವುದಿಲ್ಲ, ಮೈ ತಣ್ಣಗಾದರೆ ಸರಿಹೋಗುತ್ತದೆ. ಆದರೆ ಅದು ಗೊತ್ತಿಲ್ಲದವರು ಕಾಯಿಲೆ ಜಾಸ್ತಿಯಾಯಿತು ಅಂತ ಹೆದರಿ ಬಿಟ್ಟುಬಿಡುತ್ತಾರೆ, ಮನೆಯವರಿಗೆ ಹೇಳುವುದೂ ಇಲ್ಲ. ಅಕ್ಕನನ್ನು ಮೆಲ್ಲಗೆ ಕೇಳಿ ನೋಡಿ.

ಎರಡನೇ_ಮಾತು:
ಹೊಸದರಲ್ಲಿ ಅಗಸ ಎತ್ತಿ ಎತ್ತಿ ಒಗೆದ ಅಂತಾರಲ್ಲ, ಅದೂ ಇರುತ್ತದೆ ಇದರಲ್ಲಿ. ಅದೇ ಚೆಂಡು ಎಷ್ಟು ದಿನ ಹಿಡಿಯಲಿ ಪಾಪ. ದೀರ್ಘಕಾಲದ ಕಾಯಿಲೆಗಳಲ್ಲಿ ಮುಂದುವರಿದ ದೇಶಗಳಲ್ಲೂ ಚಿಕಿತ್ಸೆಯನ್ನು ಹೇಳಿದ ಹಾಗೆ ಪಾಲಿಸುವುದು ಸರಾಸರಿ 50% ಅಷ್ಟೇ ಅಂತ ವಿಶ್ವ ಆರೋಗ್ಯ ಸಂಸ್ಥೆ 2003ರ ವರದಿಯಲ್ಲೇ ಹೇಳಿದೆ. ನಿಮ್ಮ ಅಕ್ಕ ಏನೂ ವಿಚಿತ್ರವಲ್ಲ. ಹೆಡ್‌ಸೆಟ್ಟೇ ಆಗಬೇಕಾ ಅಂತಲೂ ಕೇಳಿ. ಟಿವಿ ಪರದೆ ಮುಂದೆ ನಿಂತು, ಬ್ಯಾಲೆನ್ಸ್ ಬೋರ್ಡ್ ಮೇಲೆ ಆಡುವ ಬಗೆಯೂ ಇದೆ. ಮುಖ ಬಿಸಿಯಾಗುವುದಿಲ್ಲ, ನೆಲ ಕಾಣುತ್ತದೆ.

ಕಿರಿಯವಳು:
ತುಂಬಾ ಥ್ಯಾಂಕ್ಸ್. ಫಿಸಿಯೋ ದಾಖಲೆ ತೆಗೆದು ತೋರಿಸಿದರು. ಆನ್ ಮಾಡಿದ ದಿನ ಚೆನ್ನಾಗಿಯೇ ಆಡಿದ್ದಾಳೆ, ಆದರೆ ಬೆಳಿಗ್ಗೆ ಮಾತ್ರ. ಸಂಜೆಯ ಆಟ ಒಂದೂ ಇಲ್ಲ. ನಾವು ಕೆಲಸದಿಂದ ಬಂದ ಮೇಲೆ ಅಂತ ಸಂಜೆಗೇ ಇಟ್ಟಿದ್ದೆವು! ಪಟ್ಟಿ, ಗಡಿ ಎರಡೂ ಅವಳಿಗೆ ಕಷ್ಟವೇ ಅಂತೆ, "ಎಷ್ಟು ಸಲ ನಿಮ್ಮನ್ನ ಕರೀಲಿ" ಅಂದಳು.

ನರ_ಫಿಸಿಯೋ:
ಹಾಗಿದ್ದರೆ ಬೆಳಿಗ್ಗೆಗೆ ಬದಲಾಯಿಸಿ, ನೀವು ಹೊರಡುವ ಮೊದಲು. ಚಾರ್ಜು, ಅಪ್‌ಡೇಟು ಹಿಂದಿನ ರಾತ್ರಿಯೇ ಮುಗಿಸಿಡಿ, ಗಡಿ ನೀವೇ ಎಳೆದು ಕೊಡಿ. ಅರ್ಧ ಗಂಟೆಯನ್ನು ಹತ್ತತ್ತು ನಿಮಿಷ ಮಾಡಿ ನಡುವೆ ಫ್ಯಾನ್ ಕೆಳಗೆ ಕೂರಿಸಬಹುದಾ ಅಂತ ನಿಮ್ಮ ಫಿಸಿಯೋಗೆ ಕೇಳಿ, ಬಹುಶಃ ಒಪ್ಪುತ್ತಾರೆ. ಆಟದ ಸ್ಕೋರ್ ನಂಬಬೇಡಿ, ಅದು ಅಭ್ಯಾಸದಿಂದ ಏರುತ್ತದೆ. 25 ಅಡಿ ನಡಿಗೆಗೆ ಎಷ್ಟು ಸೆಕೆಂಡ್ ಅಂತ ಆಗಾಗ ಅಳೆದು ಅಕ್ಕನಿಗೇ ತೋರಿಸಲು ಹೇಳಿ. ಸುಮಾರು 20% ವ್ಯತ್ಯಾಸ ಬಂದರೆ ಅದನ್ನು ನಿಜವಾದ ಬದಲಾವಣೆ ಅಂತ ಲೆಕ್ಕಕ್ಕೆ ತೆಗೆದುಕೊಳ್ಳುತ್ತೇವೆ.