ಅಪ್‌ಡೇಟ್: ದುಬಾರಿ ಬಡಾವಣೆಗೆ ಮನೆ ಬದಲಿಸುವ ವಿಚಾರ

ಊರಾಚೆಯ ಶ್ರೀಮಂತ ಬಡಾವಣೆ ಮಕ್ಕಳಿರುವ ಸಂಸಾರಕ್ಕೆ ಸರಿಹೋಗುತ್ತಾ ಅಂತ ಕೇಳಿದ್ದೆ, ಅಲ್ವಾ? ಹೋಗುವುದು ಅಂತ ತೀರ್ಮಾನ ಆಯ್ತು. ಸದ್ಯಕ್ಕೆ ಬಾಡಿಗೆಗೆ ಮಾತ್ರ.

ಕೆಲಸಕ್ಕೆ ಬಂದದ್ದು, ಶಾಲೆ-ಆಫೀಸಿನ ಹೊತ್ತಲ್ಲೇ ಹೋಗಿ ನೋಡಿ ಎಂಬ ಸಲಹೆ. ಭಾನುವಾರ ಬಿಕೋ ಅನ್ನುತ್ತಿದ್ದ ರಸ್ತೆಯಲ್ಲಿ ಸೋಮವಾರ ಬೆಳಿಗ್ಗೆ ಶಾಲೆ ಗೇಟಿನಿಂದ ಮುಖ್ಯರಸ್ತೆವರೆಗೂ ಕಾರುಗಳ ಸಾಲು! ಅದಕ್ಕೇ ಶಾಲೆಗೆ ನಡೆದು ಹೋಗುವಷ್ಟು ಹತ್ತಿರ ಮನೆ ಹಿಡಿದೆವು. ಶಾಲೆಗಳ ಆನ್‌ಲೈನ್ ರೇಟಿಂಗ್ ಅಷ್ಟೇನೂ ಉಪಯೋಗಕ್ಕೆ ಬರಲಿಲ್ಲ. ಸೀಟು ಇದೆಯಾ ಅಂತ ಶಾಲೆಗೇ ಫೋನ್ ಮಾಡಿದ್ದು ಒಳ್ಳೆಯದಾಯ್ತು. ದೊಡ್ಡವನ ತರಗತಿಯಲ್ಲಿ ಒಂದೇ ಸೀಟು ಉಳಿದಿತ್ತು.

ಅಚ್ಚರಿ ಅಂದರೆ, ಅಷ್ಟು ಚಂದದ ಪಾರ್ಕು ಸಂಜೆ ಖಾಲಿ. ಮಕ್ಕಳೆಲ್ಲ ಟ್ಯೂಷನ್ನು, ಈಜು, ಸಂಗೀತ ಅಂತ ಓಡಾಟ. ನಮ್ಮ ಚಿಕ್ಕವಳಿಗೆ ಜೊತೆ ಸಿಕ್ಕಿದ್ದು ಲೈಬ್ರರಿಯಲ್ಲಿ. ಮನೆ ಕೊಳ್ಳುವ ಮಾತು ಒಂದು ವರ್ಷ ಇದ್ದು ನೋಡಿದ ಮೇಲೆ.