ಪುಟ್ಟೀ, ಫೈಲಿಗೆ ಟರ್ಟಲ್ ಅಂತ ಹೆಸರಿಡಿಸಬೇಡ

ಪುಟ್ಟೀ, ನಿನ್ನ ಮೆಸೇಜು ಈಗ ನೋಡ್ದೆ ಕಣೇ. ರಜೆಯಲ್ಲಿ ಅಕ್ಕಪಕ್ಕದ ಎಂಟು ಮಕ್ಕಳಿಗೆ ಪೈಥಾನ್ ಅನ್ನೋ ಪ್ರೋಗ್ರಾಮಿಂಗ್ ಭಾಷೆ ಹೇಳಿಕೊಡ್ತೀನಿ ಅಂತ ಒಪ್ಪಿಕೊಂಡುಬಿಟ್ಟಿದ್ದೀಯ, ಇರೋದು ಎರಡೇ ಲ್ಯಾಪ್‌ಟಾಪು, ಎಂಟು ಜನಾನ ಹೇಗೆ ಕೂರಿಸ್ಲಿ, ಸೋಮವಾರ ಶುರು, ಏನಾದ್ರೂ ಕೆಟ್ಟು ನಿಂತರೆ ಏನ್ಮಾಡ್ಲಿ ದೊಡ್ಡಮ್ಮ ಅಂತ ಕೇಳಿದ್ದೀಯ. ಗ್ರೂಪಲ್ಲೇ ಹೇಳ್ತೀನಿ, ಅಣ್ಣನ ಎರಡನೆಯವನೂ ಕೇಳಿಸ್ಕೊಳ್ಳಲಿ. ಪೈಥಾನಿನ ಜೊತೆಗೇ ಬರೋ ಚಿತ್ರ ಬಿಡಿಸೋ ಸಲಕರಣೆ ಇದೆಯಲ್ಲ, ಟರ್ಟಲ್, ಅದರಿಂದ ಶುರು ಮಾಡ್ತೀಯ ತಾನೆ? ಒಳ್ಳೇದು, ಗೆರೆ ಮೂಡೋದು ಕಣ್ಣಿಗೆ ಕಾಣತ್ತೆ, ಮಕ್ಕಳು ಕೂತ್ಕೋತಾರೆ. ಆದ್ರೆ ಮಿಕ್ಕಿದ್ದೆಲ್ಲ ಆಮೇಲೆ. ಯಾವ ಮಗೂನೂ ತನ್ನ ಫೈಲಿಗೆ ಟರ್ಟಲ್ ಅಂತ ಹೆಸರಿಡಕೂಡದು.

ಹೋದ ರಜೇಲಿ ನಮ್ಮನೇಲಿ ನಡೀತಲ್ಲ, ಎಲ್ಲಾ ಮಕ್ಕಳದ್ದೂ ಒಂದೇ ಫೋಲ್ಡರು. ಫಾರ್ವರ್ಡ್ 100 ಅಂದ್ರೆ ಅಷ್ಟು ಮುಂದೆ, ಲೆಫ್ಟ್ 90 ಅಂದ್ರೆ ಅಷ್ಟು ಡಿಗ್ರಿ ಎಡಕ್ಕೆ, ನಾಲ್ಕು ಸಲ, ಚೌಕ ಬಂತು, ಎಲ್ರಿಗೂ ಖುಷಿ. ಮೇಲ್ಗಡೆ ಮನೆ ಹುಡುಗ ಎಫ್ 5 ಒತ್ತಿದ. ಓಡಿಸೋಕೆ ಮುಂಚೆ ಸೇವ್ ಮಾಡು ಅಂತ ಐಡಲ್, ಅಂದ್ರೆ ಪೈಥಾನ್ ಬರೆದು ಓಡಿಸೋ ಆ್ಯಪು, ಫೈಲಿಗೆ ಹೆಸರು ಕೇಳತ್ತಲ್ಲ. ಪಾಠದ ಹೆಸರು ಟರ್ಟಲ್ಲು, ಅವನೂ ಟರ್ಟಲ್ ಅಂತಲೇ ಕೊಟ್ಟ. ಬಂತು ನೋಡು ಕೆಂಪಕ್ಷರ, ಆಟ್ರಿಬ್ಯೂಟ್ ಎರರ್ ಅಂತ. ಟರ್ಟಲ್ಲಲ್ಲಿ ಫಾರ್ವರ್ಡ್ ಅನ್ನೋದೇ ಇಲ್ವಂತೆ! ಅವನು ಬರೆದದ್ದರಲ್ಲಿ ಒಂದಕ್ಷರ ತಪ್ಪಿರಲಿಲ್ಲ.

ಅಷ್ಟಕ್ಕೇ ನಿಂತಿದ್ರೆ ಸರಿ. ಪಕ್ಕದಲ್ಲಿದ್ದ ಹುಡುಗೀದು ಆಗಷ್ಟೇ ಓಡಿತ್ತು, ಮತ್ತೆ ಓಡಿಸಿದ್ರೆ ಅದೂ ಅದೇ ಎರರ್. ಆ ಮಗು ಪರದೆ ಮೇಲೆ ಬೆರಳಿಟ್ಕೊಂಡು ಒಂದೊಂದೇ ಅಕ್ಷರ ಓದ್ತು, ಆವರಣ ಚಿಹ್ನೆ ಎಣಿಸ್ತು, ಕೊನೆಗೆ ಪೂರ್ತಿ ಅಳಿಸಿ ಹೊಸದಾಗಿ ಟೈಪ್ ಮಾಡ್ತು. ಆಗಲೂ ಅದೇ. ಯಾಕೆ ಹೇಳು? ಇಂಪೋರ್ಟ್ ಟರ್ಟಲ್, ಅಂದ್ರೆ ಟರ್ಟಲ್ಲನ್ನ ಕರ್ಕೊಂಡು ಬಾ, ಅಂದಾಗ ಪೈಥಾನು ಮೊದಲು ಹುಡುಕೋದು ಓಡ್ತಿರೋ ಫೈಲು ಇರೋ ಫೋಲ್ಡರಿನಲ್ಲಿ, ಇಂಥ ಸಲಕರಣೆಗಳೆಲ್ಲ ಇರೋ ತನ್ನ ಸ್ವಂತ ಲೈಬ್ರರಿಗೆ ಹೋಗೋದು ಆಮೇಲೆ. ಒಂದೇ ಹೆಸರಿನವರು ಇಬ್ಬರಿದ್ರೆ ಬಾಗಿಲಲ್ಲಿ ನಿಂತಿರೋನೇ ಓಗೊಟ್ಟ ಹಾಗೆ. ಆ ಹುಡುಗನ ನಾಲ್ಕು ಸಾಲಿನ ಫೈಲನ್ನೇ ಟರ್ಟಲ್ ಅಂದ್ಕೊಂಡು ಎಲ್ಲರ ಪ್ರೋಗ್ರಾಮಿಗೂ ಎಳ್ಕೊಂಡು ಬಂತು. ಫೈಲಿನ ಹೆಸರು ಬದಲಾಯಿಸಿದ್ರೆ ಮುಗೀತು, ಇನ್ನೇನೂ ರಿಪೇರಿ ಬೇಡ. ಪೈಕ್ಯಾಶ್ ಅಂತ ಒಂದು ಫೋಲ್ಡರನ್ನ ಪೈಥಾನೇ ಹುಟ್ಟಿಸಿರತ್ತೆ, ಅದನ್ನ ಮುಟ್ಟೋದೂ ಬೇಡ.

ಅದಕ್ಕೇ ಮತ್ತೆ ಹೇಳ್ತಿದೀನಿ, ಫೈಲಿಗೆ ಟರ್ಟಲ್ ಅನ್ನೋ ಹೆಸರು ಬೇಡ. ಆಮೇಲೆ ದಾಳದ ಆಟ ಮಾಡಿಸ್ತೀಯಲ್ಲ, ಆಗ ರ್‍ಯಾಂಡಮ್ ಅನ್ನೋದೂ ಬೇಡ, ಯಾವುದೋ ಒಂದು ಸಂಖ್ಯೆ ಆರಿಸಿಕೊಡೋ ಪೈಥಾನಿನ ಸಲಕರಣೆಯ ಹೆಸರು ಅದು. ಅದು ಇನ್ನೂ ತರಲೆ. ಆ ಹೆಸರಿನ ಫೈಲಿದ್ರೆ ಐಡಲ್ಲಿನ ಶೆಲ್ಲೇ, ಅಂದ್ರೆ ಪ್ರೋಗ್ರಾಮು ಓಡಿ ಉತ್ತರ ಕಾಣಿಸೋ ಕಿಟಕಿಯೇ, ಸಂಪರ್ಕ ಸಿಗಲಿಲ್ಲ ಅಂತ ಕೂತ್ಬಿಡಬಹುದು. ಪೈಥಾನೇ ಕೆಟ್ಟೋಯ್ತು ಅಂತ ತೆಗೆದು ಮತ್ತೆ ಇನ್‌ಸ್ಟಾಲ್ ಮಾಡ್ತಾ ಕೂರ್ತೀಯ, ಫೈಲು ಅಲ್ಲೇ ಇರತ್ತೆ, ಎರರೂ ಅಲ್ಲೇ ಇರತ್ತೆ.

ನಮ್ಮ ಮನೆತನದಲ್ಲಿ ಇಂಜಿನಿಯರುಗಳಿಗೇನು ಬರವೇ? ಮದುವೆ ಮುಂಜೀಲಿ ಎಲ್ರೂ ಲ್ಯಾಪ್‌ಟಾಪ್ ತೆಗೆದು ಕೂರೋರೇ. ಮಕ್ಕಳಿಗೆ ಒಂದು ಗಂಟೆ ಹೇಳಿಕೊಡ್ರೋ ಅಂದ್ರೆ ಒಬ್ಬನಿಗೂ ಪುರುಸೊತ್ತಿಲ್ಲ. ಬಂದವನಾದ್ರೂ ಏನ್ಮಾಡ್ದ? ಮಗೂನ ಪಕ್ಕಕ್ಕೆ ಸರಿಸಿ ಕೀಬೋರ್ಡ್ ತಾನೇ ಎಳ್ಕೊಂಡ, ಟಪಟಪ ಅಂತ ಕುಟ್ಟಿದ, ‘ಇಷ್ಟೇ, ಸಿಂಪಲ್’ ಅಂದ, ಎದ್ದು ಹೋದ. ಯಾರು ಅಂತ ನಾನು ಹೇಳಲ್ಲ, ಕೇಳಿಸ್ಕೊಂಡಿರ್ತಾನೆ. ಇನ್ನು ತಂದೆ ತಾಯಿಗಳೋ, ಮೂರನೇ ದಿನಕ್ಕೇ ‘ಆ್ಯಪ್ ಮಾಡಿದ್ನಾ’ ಅಂತ ಬಾಗಿಲಲ್ಲಿ ನಿಂತಿರ್ತಾರೆ. ಚೌಕ ತೋರಿಸಿದ್ರೆ ಮುಖ ಸೊಟ್ಟಗೆ.

ಅಯ್ಯೋ, ನೀನು ಕೇಳಿದ್ದು ಎರಡು ಲ್ಯಾಪ್‌ಟಾಪಿಗೆ ಎಂಟು ಮಕ್ಕಳು ಹೇಗೆ ಅಂತ ಅಲ್ವೇನೇ! ಒಟ್ಟಿಗೆ ಕೂರಿಸ್ಬೇಡ. ನಾಲ್ವರಂತೆ ಎರಡು ಗುಂಪು ಮಾಡು, ಒಂದೊಂದಕ್ಕೂ 45 ನಿಮಿಷ. ಒಂದು ಲ್ಯಾಪ್‌ಟಾಪಿಗೆ ಇಬ್ಬರು, ಒಬ್ಬರು ಟೈಪ್ ಮಾಡೋದು, ಇನ್ನೊಬ್ಬರು ಸಾಲು ಓದಿ ಹೇಳೋದು, ತಪ್ಪು ಹಿಡಿಯೋದು. 10 ನಿಮಿಷಕ್ಕೆ ಅದಲುಬದಲು. ಕೀಬೋರ್ಡಿಗೆ ನಿನ್ನ ಕೈ ಹೋಗಬಾರದು, ಬಾಯಲ್ಲಿ ಹೇಳು ಅಷ್ಟೇ.

ಭಾನುವಾರ ಪ್ರತಿ ಮಗುವಿಗೂ ಬೇರೆ ಫೋಲ್ಡರ್ ಮಾಡಿಡು. ಫೈಲಿನ ಹೆಸರು ಮಗುವಿನ ಹೆಸರು, ಚಿತ್ರದ ಹೆಸರು, ಒಂದು ನಂಬರು, ಎಲ್ಲಾ ಇಂಗ್ಲಿಷ್ ಅಕ್ಷರದಲ್ಲಿ, ಮಧ್ಯೆ ಜಾಗ ಬಿಡದೆ. ಐಡಲ್ ತೆರೆದು ಒಂದು ಚೌಕ ನೀನೇ ಓಡಿಸಿ ನೋಡು. ಐಡಲ್ ತೆರೀತು ಅಂದ್ರೆ ಟರ್ಟಲ್ಲಿಗೆ ಬೇಕಾದ, ಪರದೆ ಮೇಲೆ ಚಿತ್ರದ ಕಿಟಕಿ ತೆರೆಯೋ ವ್ಯವಸ್ಥೆ ಇದೆ ಅಂತಲೇ ಅರ್ಥ, ಇಂಟರ್ನೆಟ್ಟೂ ಬೇಕಿಲ್ಲ. ಲ್ಯಾಪ್‌ಟಾಪಲ್ಲಿ ವಿಂಡೋಸ್ ಬದಲು ಉಬುಂಟು ಇದ್ರೆ ಐಡಲ್ಲನ್ನ ಬೇರೆಯಾಗಿ ಹಾಕ್ಕೋಬೇಕಾಗತ್ತೆ, ಅದನ್ನ ಮೊದಲೇ ನೋಡ್ಕೋ.

ಚೌಕ ಆದ್ಮೇಲೆ ತ್ರಿಕೋನ ಅನ್ನು. ಎಲ್ಲ ಮಕ್ಕಳೂ 60 ಅಂತಲೇ ಹೊಡೀತಾರೆ, ಒಳಗಿನ ಕೋನ ಅಷ್ಟು ಅಂತ ಶಾಲೇಲಿ ಓದಿರ್ತಾರಲ್ಲ. ತ್ರಿಕೋನ ಮುಚ್ಚಲ್ಲ, ಅರ್ಧ ಷಟ್ಕೋನ ಬಂದು ನಿಲ್ಲತ್ತೆ. ಆಗ ಉತ್ತರ ಹೇಳಿಬಿಡ್ಬೇಡ. ಒಂದು ಮಗೂನ ನೆಲದ ಮೇಲೆ ಗೆರೆ ಉದ್ದಕ್ಕೂ ನಡೆಸಿ, ಮೂಲೇಲಿ ಎಷ್ಟು ತಿರುಗಿದೆ ಅಂತ ಕೇಳು. ತಿರುಗೋದು ಹೊರಗಿನ ಕೋನ, 360ನ್ನ ಮೂರರಿಂದ ಭಾಗಿಸಿ 120. ಇದೊಂದು ಹೊಳೆದ್ರೆ ಐದು ಮೂಲೆ, ಆರು ಮೂಲೆ ತಾವೇ ಬರೀತಾರೆ. 144 ಕೊಟ್ಟು ಐದು ಸಲ ತಿರುಗಿಸಿದ್ರೆ ನಕ್ಷತ್ರ, ಅದನ್ನ ಎರಡನೇ ದಿನಕ್ಕೆ ಇಟ್ಕೋ.

ಇನ್ನೊಂದು, ಪ್ರೋಗ್ರಾಮಿನ ಸಾಲುಗಳನ್ನ ಈ ಗ್ರೂಪಲ್ಲಿ ಟೈಪ್ ಮಾಡಿ ಅಲ್ಲಿಂದ ಕಾಪಿ ಮಾಡಿಸ್ಬೇಡ. ಕೆಲವು ಫೋನು ನೆಟ್ಟಗಿನ ಉದ್ಧರಣ ಚಿಹ್ನೆ ಬಾಗಿಸಿಬಿಡತ್ತೆ, ಪ್ರಿಂಟ್ ಅನ್ನೋ ಆಜ್ಞೆಯ ಸಣ್ಣ ಪಿ ಅಕ್ಷರಾನ ದೊಡ್ಡದು ಮಾಡತ್ತೆ, ಪೈಥಾನು ಎರಡನ್ನೂ ಒಪ್ಪಲ್ಲ. ಫೈಲನ್ನೇ ಪೆನ್‌ಡ್ರೈವಲ್ಲಿ ಹಾಕಿ ಕೊಡು.